ಜಿಗಿಯುವ ಪುಟ್ಟ ನಾಯಕನಿಗೆ ಆಕ್ಷನ್ ಆರ್‌ಪಿಜಿ ಕಟ್ಟುವುದು: ಗೇಮ್ ಬಾಯ್ ಅಡ್ವಾನ್ಸ್‌ಗೆ ಗೇಮ್ ಬರೆಯುವವರಿಗಾಗಿ ಸಮಗ್ರ ಮಾರ್ಗದರ್ಶಿ

ನಿಂಟೆಂಡೋದ ಕೈಯಲ್ಲಿ ಹಿಡಿದು ಆಡುವ ಸಾಧನವಾದ ಗೇಮ್ ಬಾಯ್ ಅಡ್ವಾನ್ಸ್‌ಗೆ ಸ್ವಂತ ಗೇಮ್ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಉದ್ದ ಕಿವಿಯ, ದುಂಡು ಮುಖದ ಮುದ್ದಾದ ನಾಯಕನೊಬ್ಬನ ಚಿತ್ರ ಸಿದ್ಧವಾಗುತ್ತದೆ, ಅವನು ನಡೆಯುತ್ತಾನೆ, ಜಿಗಿಯುತ್ತಾನೆ. ಮರುದಿನದಿಂದಲೇ ಲೆವೆಲ್, ಆಯುಧಗಳ ಪಟ್ಟಿ, ಅಂಗಡಿ, ಊರಿನವರ ಮಾತುಕತೆ ಎಲ್ಲವೂ ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಎರಡು ತಿಂಗಳ ಬಳಿಕ ನೋಡಿದರೆ ಶತ್ರುವಿನ ಜೊತೆಗಿನ ಕಾದಾಟ ಗೋಡೆಗೆ ಮೈ ಉಜ್ಜಿದಂತೆ ಇರುತ್ತದೆ, ಮತ್ತು ಅದನ್ನು ಸರಿಪಡಿಸಲು ಹೋದರೆ ಮೇಲೆ ಪೇರಿಸಿದ್ದೆಲ್ಲವೂ ಅಲುಗಾಡುತ್ತದೆ.

ಆಕ್ಷನ್ ಆರ್‌ಪಿಜಿ ಎಂದರೆ ನೇರವಾಗಿ ಕಾದಾಡುತ್ತಲೇ ನಾಯಕನ ಬಲವನ್ನು ಲೆವೆಲ್‌ಗಳಲ್ಲಿ ಬೆಳೆಸುತ್ತ ಹೋಗುವ ಗೇಮ್. ಅದನ್ನು ಕಟ್ಟುವ ಈ ಮಾರ್ಗದರ್ಶಿಯ ಒತ್ತು ಹಂತಗಳ ಕ್ರಮದ ಮೇಲಿದೆ. ಜಿಗಿತ ಮತ್ತು ಏಟು ಮೊದಲು, ಒಂದೇ ಒಂದು ಕೋಣೆ ಆಮೇಲೆ, ಅಂಕಿಗಳು ಅದರ ನಂತರ, ನಕ್ಷೆ ಮತ್ತು ಕಥೆ ಕೊನೆಗೆ. ನಾಯಕನ ಪಾತ್ರವನ್ನು ಮಾತ್ರ ಸ್ವಂತವಾಗಿ ರೂಪಿಸಿಕೊಳ್ಳಿ. ಬೇರೆ ಕಂಪನಿಯ ಪಾತ್ರವನ್ನು ಎತ್ತಿಕೊಂಡರೆ ಗೇಮ್ ಎಷ್ಟೇ ಚೆನ್ನಾಗಿ ಬಂದರೂ ಅದನ್ನು ಹಂಚುವ ಹಕ್ಕು ನಿಮಗಿರುವುದಿಲ್ಲ.

## ಬೇಕಾಗುವ ಸಲಕರಣೆಗಳು

ಕೋಡ್ ಬರೆಯಲು, ಅದನ್ನು ಈ ಸಾಧನ ಓಡಿಸಬಲ್ಲ ರೂಪಕ್ಕೆ ತರುವ ಡೆವ್‌ಕಿಟ್‌ಎಆರ್‌ಎಂ ಮತ್ತು ಅದರ ಮೇಲೆ ನಿಂತಿರುವ ಬುಟಾನೋ ಎಂಬ ಸಿ++ ಎಂಜಿನ್ ಸಾಕು. ಬುಟಾನೋಗೆ ಪೈಥಾನ್ ಕೂಡ ಬೇಕಾಗುತ್ತದೆ, ಏಕೆಂದರೆ ಚಿತ್ರಗಳನ್ನು ಗೇಮ್‌ಗೆ ಹೊಂದುವ ರೂಪಕ್ಕೆ ತರುವ ಕೆಲಸವನ್ನು ಅದರ ಸ್ಕ್ರಿಪ್ಟ್‌ಗಳೇ ಮಾಡುತ್ತವೆ. ಚಿತ್ರ ಬರೆಯಲು ಆಸ್ಪ್ರೈಟ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಸ್ಪ್ರೈಟ್, ನಕ್ಷೆ ಕಟ್ಟಲು ಟೈಲ್ಡ್, ಓಡಿಸಿ ನೋಡಲು ಎಂಜಿಬಿಎ ಎಮ್ಯುಲೇಟರ್ (ಸಾಧನವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಇಟ್ಟುಕೊಳ್ಳಿ. ಎಂಜಿಬಿಎಯಲ್ಲಿ ಗೇಮನ್ನು ಒಂದೊಂದೇ ಫ್ರೇಮ್ (ಸೆಕೆಂಡಿಗೆ ಸುಮಾರು 60 ಸಲ ಬದಲಾಗುವ ಪರದೆಯ ಒಂದು ಚಿತ್ರ) ಮುಂದೆ ಸರಿಸುವ ಸೌಲಭ್ಯವಿದೆ. ನಾಲ್ಕನೆಯ ಹಂತದಲ್ಲಿ ಅದಿಲ್ಲದೆ ಕೆಲಸವೇ ನಡೆಯುವುದಿಲ್ಲವಾದ್ದರಿಂದ ಅದರ ಶಾರ್ಟ್‌ಕಟ್ ಕೀಲಿಯನ್ನು ಮೊದಲೇ ಕಲಿತುಕೊಳ್ಳುವುದು ಒಳ್ಳೆಯದು.

ಇಲ್ಲಿ ಎಡವುವ ಜಾಗಗಳು ಮೂರು. ಪ್ರಾಜೆಕ್ಟ್ ಇಟ್ಟಿರುವ ಫೋಲ್ಡರಿನ ಹೆಸರಿನಲ್ಲಿ, ಅಥವಾ ಅದಕ್ಕಿಂತ ಮೇಲಿನ ಯಾವುದೇ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಬಿಲ್ಡ್ (ಕೋಡಿನಿಂದ ಗೇಮ್ ಫೈಲನ್ನು ಕಟ್ಟುವ ಕೆಲಸ) ಮುರಿದುಬೀಳುತ್ತದೆ, ಮತ್ತು ಆಗ ಕಾಣುವ ದೋಷದ ಸಂದೇಶಕ್ಕೂ ನಿಜವಾದ ಕಾರಣಕ್ಕೂ ಸಂಬಂಧವೇ ಇಲ್ಲದಂತೆ ತೋರುತ್ತದೆ. ಎರಡನೆಯದಾಗಿ, ಚಿತ್ರಗಳು 16 ಅಥವಾ 256 ಬಣ್ಣಗಳ, ಕಂಪ್ರೆಸ್ ಮಾಡದ ಬಿಎಂಪಿ ಫೈಲುಗಳಾಗಿರಬೇಕು. ಪ್ಯಾಲೆಟ್‌ನ, ಅಂದರೆ ಚಿತ್ರದ ಬಣ್ಣಗಳ ಪಟ್ಟಿಯ, ಮೊದಲ ಬಣ್ಣ ಪಾರದರ್ಶಕವಾಗುತ್ತದೆ ಎಂಬುದನ್ನು ಮರೆತವರ ನಾಯಕನ ಕಣ್ಣಿನಲ್ಲಿ ತೂತು ಕಾಣಿಸುತ್ತದೆ. ಮೂರನೆಯದಾಗಿ, ಬುಟಾನೋದಲ್ಲಿ ಪರದೆಯ ಸೊನ್ನೆ ಬಿಂದು ನಟ್ಟನಡುವೆ ಇರುತ್ತದೆ. ಎಡಮೇಲ್ತುದಿಯಿಂದ ಲೆಕ್ಕ ಹಾಕುವ ಅಭ್ಯಾಸದಿಂದ ಬಂದವರಿಗೆ ಮೊದಲ ದಿನ ಎಲ್ಲವೂ ಅರ್ಧ ಪರದೆಯಷ್ಟು ಜರುಗಿದಂತೆ ಕಾಣುತ್ತದೆ.

## ಹಂತ 1: ನೋಟವನ್ನೂ ನಾಯಕನ ಒಂದು ಕ್ರಿಯೆಯನ್ನೂ ನಿರ್ಧರಿಸಿ

ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ ಸಾಗುವ ಪ್ಲಾಟ್‌ಫಾರ್ಮರ್ ಗೇಮ್‌ಗಳನ್ನು ಪಕ್ಕದಿಂದ ನೋಡುತ್ತೇವೆ, ಆಕ್ಷನ್ ಆರ್‌ಪಿಜಿಗಳನ್ನು ಸಾಮಾನ್ಯವಾಗಿ ಮೇಲಿನಿಂದ ಓರೆಯಾಗಿ ನೋಡುತ್ತೇವೆ (ಇವನ್ನು ಮುಂದೆ ಪಕ್ಕನೋಟ, ಮೇಲ್ನೋಟ ಎಂದು ಕರೆದಿದ್ದೇನೆ). ನೋಟ ಬದಲಾದರೂ ನಾಯಕನನ್ನು ಗುರುತಿಸುವುದು ಅವನು ಮಾಡುವ ಒಂದು ಕ್ರಿಯೆಯಿಂದಲೇ: ತಲೆಯ ಮೇಲೆ ಹಾರಿ ಮೆಟ್ಟುವುದು, ಹಿಡಿದು ಎಸೆಯುವುದು, ಉರುಳಿ ನುಗ್ಗುವುದು. ನಾಮ್ಕೋ 2002ರಲ್ಲಿ ಜಪಾನಿನಲ್ಲಿ ಮಾತ್ರ ಹೊರತಂದ ‘ಕ್ಲೊನೊವಾ ಹೀರೋಸ್’ ಪಕ್ಕನೋಟದ ನಾಯಕನೊಬ್ಬನನ್ನು ಇದೇ ಸಾಧನದಲ್ಲಿ ಮೇಲ್ನೋಟದ ಆಕ್ಷನ್ ಆರ್‌ಪಿಜಿಗೆ ತಂದ ಉದಾಹರಣೆ.

ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆಯಿರಿ: “ನನ್ನ ನಾಯಕ ಶತ್ರುವಿನ ಮೇಲೆ ಹಾರಿ ಮೆಟ್ಟುತ್ತಾನೆ.” ಈ ವಾಕ್ಯಕ್ಕೆ “ಮತ್ತು” ಎಂಬ ಪದವನ್ನು ಸೇರಿಸುವ ಆಸೆ ಹುಟ್ಟಿದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ಕತ್ತಿ, ಬಿಲ್ಲು, ಮಂತ್ರ ಮೂರೂ ಮೊದಲ ದಿನವೇ ಬೇಕೆನ್ನುವವರು ಮೂರು ಅರೆಬೆಂದ ಕ್ರಿಯೆಗಳೊಂದಿಗೆ ಉಳಿಯುತ್ತಾರೆ. ಮುಂದಿನ ಹಂತಗಳಲ್ಲಿ ಮೆಟ್ಟುವ ನಾಯಕನನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮೇಲ್ನೋಟದಲ್ಲಿ ಅತ್ಯಂತ ಕಷ್ಟದ ಕ್ರಿಯೆ ಅದೇ. ಅದು ಕೈವಶವಾದರೆ ಉಳಿದವು ಸುಲಭ.

## ಹಂತ 2: ಯಂತ್ರದ ಮಿತಿಗೆ ತಕ್ಕಂತೆ ನಾಯಕನನ್ನು ಬರೆಯಿರಿ

ಪರದೆ 240 ಪಿಕ್ಸೆಲ್ ಅಗಲ, 160 ಪಿಕ್ಸೆಲ್ ಎತ್ತರ. ಒಂದೊಂದು ಚೌಕ 16 ಪಿಕ್ಸೆಲ್ ಇರುವಂತೆ ಹಾಸಿದರೆ ಅಡ್ಡಕ್ಕೆ 15, ಉದ್ದಕ್ಕೆ 10 ಚೌಕಗಳು ಸರಿಯಾಗಿ ಕೂರುತ್ತವೆ. ನಾಯಕನಿಗೆ 32×32 ಪಿಕ್ಸೆಲ್‌ಗಳ ಸ್ಪ್ರೈಟ್ (ಹಿನ್ನೆಲೆಯ ಮೇಲೆ ಬೇರೆಯಾಗಿ ಚಲಿಸುವ ಚಿತ್ರ) ತೆಗೆದುಕೊಂಡು, ದೇಹವನ್ನು ಅದರೊಳಗೆ ಸುಮಾರು 24 ಪಿಕ್ಸೆಲ್ ಎತ್ತರಕ್ಕೆ ಇಳಿಸಿ. ಕಿವಿ, ಬಾಲ, ಟೋಪಿಗಳು ಅಲುಗಾಡಲು ಉಳಿದ ಜಾಗ ಬೇಕು. ಮುದ್ದುತನ ಬರುವುದು ದೊಡ್ಡ ತಲೆಯಿಂದ. ತಲೆ ದೇಹದ ಅರ್ಧದಷ್ಟಿದ್ದರೂ ಅಡ್ಡಿಯಿಲ್ಲ, ಆದರೆ ಕಾಲುಗಳು ನೆಲ ಮುಟ್ಟುವ ಜಾಗ ಮಾತ್ರ ಚಲನೆಯ ಎಲ್ಲ ಫ್ರೇಮುಗಳಲ್ಲೂ (ಇಲ್ಲಿ ಫ್ರೇಮ್ ಎಂದರೆ ಒಂದೊಂದು ಭಂಗಿಯ ಚಿತ್ರ) ಒಂದೇ ಸಾಲಿನಲ್ಲಿರಬೇಕು. ಅದು ಒಂದು ಪಿಕ್ಸೆಲ್ ಮೇಲೆ ಕೆಳಗಾದರೂ ನಡೆಯುವಾಗ ನಾಯಕ ನಡುಗಿದಂತೆ ಕಾಣುತ್ತಾನೆ.

16 ಬಣ್ಣಗಳ ಪ್ಯಾಲೆಟ್‌ನಲ್ಲಿ ಪಾರದರ್ಶಕ ಬಣ್ಣ ಕಳೆದರೆ ಉಳಿಯುವುದು 15. ಇಂತಹ 32×32 ಫ್ರೇಮ್ ಒಂದಕ್ಕೆ 512 ಬೈಟ್ ಬೇಕು. ಮುಂದೆ, ಹಿಂದೆ, ಪಕ್ಕ ಎಂಬ ಮೂರು ದಿಕ್ಕುಗಳಿಗೆ ನಾಲ್ಕು ನಾಲ್ಕು ಫ್ರೇಮ್ ಎಂದರೆ 12 ಫ್ರೇಮ್, ಒಟ್ಟು 6 ಕಿಲೋಬೈಟ್. ಎಲ್ಲ ಸ್ಪ್ರೈಟ್‌ಗಳ ಚಿತ್ರಗಳಿಗಾಗಿ ಯಂತ್ರ ಕೊಡುವ ವಿಡಿಯೋ ಮೆಮೊರಿ 32 ಕಿಲೋಬೈಟ್ ಮಾತ್ರ ಆದ್ದರಿಂದ, ಆ ಕ್ಷಣಕ್ಕೆ ತೋರಿಸುತ್ತಿರುವ ಫ್ರೇಮನ್ನಷ್ಟೇ ಅಲ್ಲಿಗೆ ತುಂಬಿಸಬೇಕು. ಎಲ್ಲವನ್ನೂ ಒಟ್ಟಿಗೆ ತುಂಬಿದವರಿಗೆ ನಾಲ್ಕೈದನೆಯ ಬಗೆಯ ಶತ್ರು ಬಂದಾಗ ಗೇಮ್ ದೋಷ ತೋರಿಸಿ ನಿಲ್ಲುತ್ತದೆ.

ಪಕ್ಕದ ದಿಕ್ಕಿಗೆ ಒಂದೇ ಕಡೆಯ ಚಿತ್ರ ಬರೆದು ಇನ್ನೊಂದು ಕಡೆಗೆ ಯಂತ್ರದಿಂದಲೇ ಅದನ್ನು ತಿರುಗಿಸಬಹುದು. ಹಾಗೆ ಮಾಡುವುದಾದರೆ ನಾಯಕನ ಒಂದೇ ಕಿವಿಗೆ ಓಲೆ, ಒಂದೇ ಕೈಗೆ ಗವಸು ತೊಡಿಸಬೇಡಿ, ಏಕೆಂದರೆ ಅವನು ತಿರುಗಿದಾಗಲೆಲ್ಲ ಅವು ಕೈಬದಲಾಯಿಸುತ್ತವೆ.

## ಹಂತ 3: ನಡಿಗೆ, ಎತ್ತರ, ನೆರಳು

ಹೆಚ್ಚಿನ ಪ್ರಯತ್ನಗಳು ನಿಜವಾಗಿ ಸೋಲುವುದು ಇಲ್ಲಿಯೇ ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ.

ಈ ಪ್ರೊಸೆಸರಿನಲ್ಲಿ ದಶಮಾಂಶ ಸಂಖ್ಯೆಗಳನ್ನು ಲೆಕ್ಕ ಹಾಕುವ ಪ್ರತ್ಯೇಕ ಘಟಕವಿಲ್ಲ. ಆದ್ದರಿಂದ ಸ್ಥಾನ ಮತ್ತು ವೇಗಗಳನ್ನು ಫಿಕ್ಸೆಡ್ ಪಾಯಿಂಟ್ ಸಂಖ್ಯೆಗಳಾಗಿ (ಭಿನ್ನಭಾಗಕ್ಕೆ ನಿಗದಿತ ಜಾಗವಿಟ್ಟ ಪೂರ್ಣಾಂಕಗಳಾಗಿ) ಇಡಬೇಕು. ಬುಟಾನೋದಲ್ಲಿ ಇದಕ್ಕೆ ಸಿದ್ಧ ಸಂಖ್ಯಾಪ್ರಕಾರವಿದೆ. ನಡಿಗೆಗೆ ಫ್ರೇಮ್ ಒಂದಕ್ಕೆ 1.5 ಪಿಕ್ಸೆಲ್‌ನಿಂದ ಆರಂಭಿಸಿ. ಓರೆಯಾಗಿ ನಡೆಯುವಾಗ ಎರಡೂ ದಿಕ್ಕಿನ ವೇಗವನ್ನು 181/256ರಿಂದ ಗುಣಿಸಿ, ಇಲ್ಲದಿದ್ದರೆ ಓರೆನಡಿಗೆ ನೇರನಡಿಗೆಗಿಂತ ಶೇಕಡಾ 41ರಷ್ಟು ವೇಗವಾಗುತ್ತದೆ ಮತ್ತು ಆಡುವವರು ಎಲ್ಲೆಡೆ ಓರೆಯಾಗಿಯೇ ಓಡಲು ಕಲಿಯುತ್ತಾರೆ.

ಗೋಡೆಗೆ ತಾಗುವ ಲೆಕ್ಕಕ್ಕೆ ನಾಯಕನ ಪೂರ್ತಿ ಚಿತ್ರವನ್ನು ಬಳಸಬೇಡಿ. ಪಾದದ ಬಳಿ 12×8 ಪಿಕ್ಸೆಲ್‌ಗಳ ಒಂದು ಚೌಕಟ್ಟು ಸಾಕು. ಅಡ್ಡ ಚಲನೆಯನ್ನು ಮೊದಲು ಪರೀಕ್ಷಿಸಿ ಮುಗಿಸಿ, ಉದ್ದ ಚಲನೆಯನ್ನು ಆಮೇಲೆ ಪ್ರತ್ಯೇಕವಾಗಿ ಪರೀಕ್ಷಿಸಿ. ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರೆ ಗೋಡೆಯ ಪಕ್ಕ ಓರೆಯಾಗಿ ನಡೆಯುವಾಗ ನಾಯಕ ಜಾರಿಕೊಂಡು ಹೋಗುವ ಬದಲು ಅಂಟಿಕೊಂಡು ನಿಲ್ಲುತ್ತಾನೆ.

ಈಗ ಜಿಗಿತ. ಮೇಲ್ನೋಟದಲ್ಲಿ ಜಿಗಿಯಬೇಕಾದರೆ ನಾಯಕನಿಗೆ ಮೂರು ಅಳತೆಗಳು ಬೇಕು: ನೆಲದ ಮೇಲಿನ ಅಡ್ಡಸ್ಥಾನ, ನೆಲದ ಮೇಲಿನ ಉದ್ದಸ್ಥಾನ, ಮತ್ತು ನೆಲದಿಂದ ಅವನಿರುವ ಎತ್ತರ. ಚಿತ್ರವನ್ನು ಪರದೆಯ ಮೇಲೆ ಇಡುವಾಗ ಉದ್ದಸ್ಥಾನದಿಂದ ಎತ್ತರವನ್ನು ಕಳೆಯಿರಿ. ಬಹುತೇಕರು ಮಾಡುವ ತಪ್ಪೆಂದರೆ ಎತ್ತರ ಎಂಬ ಅಳತೆಯನ್ನೇ ಇಡದೆ, ಜಿಗಿದಾಗ ಉದ್ದಸ್ಥಾನವನ್ನೇ ಬದಲಾಯಿಸಿಬಿಡುವುದು. ಆಗ ಜಿಗಿದ ನಾಯಕ ನಿಜವಾಗಿ ಮೇಲಿನ ಚೌಕಕ್ಕೆ ನಡೆದುಹೋದಂತೆಯೇ ಆಗಿ ಗೋಡೆಗೆ ತಾಗುತ್ತಾನೆ, ಅಥವಾ ಮೇಲಿನ ಬಾಗಿಲಿನೊಳಗೆ ಹೊಕ್ಕುಬಿಡುತ್ತಾನೆ. ಆಕಾಶದಲ್ಲಿದ್ದಾಗ ನಾಯಕ ತಾನಾಗಿ ಕೋಣೆ ಬದಲಿಸುತ್ತಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಡಿ.

ಆರಂಭದ ವೇಗ ಫ್ರೇಮ್‌ಗೆ 3 ಪಿಕ್ಸೆಲ್, ಪ್ರತಿ ಫ್ರೇಮ್‌ಗೂ ಅದರಿಂದ ಕಳೆಯುವ ಗುರುತ್ವ 0.1875 ಎಂದು ಇಟ್ಟರೆ ಜಿಗಿತ 32 ಫ್ರೇಮ್‌ಗಳಷ್ಟು, ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಇರುತ್ತದೆ ಮತ್ತು ತುತ್ತತುದಿಯಲ್ಲಿ ನಾಯಕ ಸುಮಾರು 24 ಪಿಕ್ಸೆಲ್ ಎತ್ತರದಲ್ಲಿರುತ್ತಾನೆ. ಅದು ಒಂದೂವರೆ ಚೌಕ. ಇದಕ್ಕಿಂತ ಎತ್ತರದ ಜಿಗಿತವನ್ನು ಮೇಲ್ನೋಟದಲ್ಲಿ ಕಣ್ಣು ನಂಬುವುದಿಲ್ಲ ಎಂಬುದು ನನ್ನ ಅನುಭವ.

ಕಣ್ಣು ನಂಬಬೇಕಾದರೆ ನೆರಳು ಬೇಕೇ ಬೇಕು. 16×8 ಪಿಕ್ಸೆಲ್‌ಗಳ ಒಂದು ಅಂಡಾಕಾರದ ಸ್ಪ್ರೈಟ್ ಬರೆದು ಅದನ್ನು ಸದಾ ನೆಲದ ಸ್ಥಾನದಲ್ಲಿಯೇ ಇರಿಸಿ, ಎತ್ತರವನ್ನು ಅದಕ್ಕೆ ಅನ್ವಯಿಸಬೇಡಿ. ಆಡುವವರು ಜಿಗಿಯುವಾಗ ನೋಡುವುದು ನಾಯಕನನ್ನಲ್ಲ, ಅವನ ನೆರಳನ್ನು. ಎಲ್ಲಿ ಇಳಿಯುತ್ತೇನೆ ಎಂಬುದನ್ನು ತಿಳಿಸುವುದು ಅದೊಂದೇ. ಹಾಗೆಯೇ ಯಾವ ಚಿತ್ರ ಮುಂದೆ, ಯಾವುದು ಹಿಂದೆ ಎಂಬುದನ್ನು ನೆಲದ ಉದ್ದಸ್ಥಾನದಿಂದ ನಿರ್ಧರಿಸಿ. ಪರದೆಯ ಮೇಲೆ ಕಾಣುವ ಸ್ಥಾನದಿಂದ ನಿರ್ಧರಿಸಿದರೆ ಮರದ ಮುಂದೆ ಜಿಗಿದ ನಾಯಕ ಅರ್ಧದಾರಿಯಲ್ಲಿ ಮರದ ಹಿಂದೆ ಮಾಯವಾಗುತ್ತಾನೆ.

## ಹಂತ 4: ಏಟು

ಶತ್ರು ಒಂದೇ ಇರಲಿ, ಅದೂ ಸುಮ್ಮನೆ ಅತ್ತಿತ್ತ ಓಡಾಡುವಂಥದ್ದು. ಈ ಹಂತ ಮುಗಿಯುವವರೆಗೆ ಎರಡನೆಯದನ್ನು ಬರೆಯಬೇಡಿ.

ಮೆಟ್ಟುವುದಕ್ಕೆ ಮೂರು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು: ನಾಯಕ ಕೆಳಗೆ ಇಳಿಯುತ್ತಿರಬೇಕು, ಅವನ ಎತ್ತರ ಶತ್ರುವಿನ ದೇಹದ ಎತ್ತರಕ್ಕಿಂತ ಕೆಳಗೆ ಬಂದಿರಬೇಕು, ಮತ್ತು ಇಬ್ಬರ ಪಾದದ ಚೌಕಟ್ಟುಗಳು ಒಂದರ ಮೇಲೊಂದು ಬಂದಿರಬೇಕು. ಮೂರನೆಯ ಷರತ್ತಿಗೆ ಶತ್ರುವಿನ ಚೌಕಟ್ಟನ್ನು ಎಲ್ಲ ಬದಿಗೂ 4 ಪಿಕ್ಸೆಲ್ ಹಿಗ್ಗಿಸಿ. ಪಕ್ಕನೋಟದಲ್ಲಿ ಒಂದು ದಿಕ್ಕಿನ ಗುರಿ ಸರಿಯಾದರೆ ಸಾಕು, ಆದರೆ ಮೇಲ್ನೋಟದಲ್ಲಿ ಎರಡು ದಿಕ್ಕಿನ ಗುರಿಯೂ ಸರಿಯಾಗಬೇಕು. ಅಷ್ಟು ನಿಖರತೆಯನ್ನು ಚಿಕ್ಕ ಪರದೆಯ ಮುಂದೆ ಕುಳಿತವರಿಂದ ಕೇಳುವುದು ನ್ಯಾಯವಲ್ಲ. “ಸರಿಯಾಗಿ ಮೇಲೆಯೇ ಇಳಿದೆನಲ್ಲ” ಎಂದು ಆಡುವವರು ಗೊಣಗಿದರೆ ಚೌಕಟ್ಟು ಚಿಕ್ಕದಾಗಿದೆ ಎಂದೇ ಅರ್ಥ. ಇದಕ್ಕೆ ಪ್ರತಿಯಾಗಿ, ಶತ್ರು ನಾಯಕನಿಗೆ ಹೊಡೆಯುವ ಚೌಕಟ್ಟನ್ನು ಕಾಣುವ ಚಿತ್ರಕ್ಕಿಂತ 2 ಅಥವಾ 3 ಪಿಕ್ಸೆಲ್ ಚಿಕ್ಕದು ಮಾಡಿ. ಎರಡೂ ಕಡೆ ಆಡುವವರ ಪರವಾಗಿ ಮೋಸ ಮಾಡುವುದು ಇಲ್ಲಿ ಧರ್ಮವೇ.

ಮೆಟ್ಟಿದ ಕ್ಷಣದಲ್ಲಿ ನಡೆಯಬೇಕಾದ ಸಂಗತಿಗಳ ಕ್ರಮ ಹೀಗಿರಲಿ. ಮೊದಲು ಇಬ್ಬರೂ 4 ಫ್ರೇಮ್ ಹಾಗೆಯೇ ಸ್ತಬ್ಧರಾಗಬೇಕು. ಆ ಪುಟ್ಟ ನಿಲುಗಡೆಯೇ ಏಟಿಗೆ ತೂಕ ಕೊಡುತ್ತದೆ. ಅದೇ ಹೊತ್ತಿಗೆ ಶತ್ರುವಿನ ಪ್ಯಾಲೆಟ್ ಬೆಳ್ಳಗೆ ಮಿನುಗಿ ಸದ್ದು ಬರಬೇಕು. ನಿಲುಗಡೆ ಮುಗಿದ ಮೇಲೆ ನಾಯಕ 2.5ರ ವೇಗದಿಂದ ಮತ್ತೆ ಮೇಲಕ್ಕೆ ಪುಟಿಯಬೇಕು, ಶತ್ರು 12 ಪಿಕ್ಸೆಲ್‌ನಷ್ಟು ಹಿಂದಕ್ಕೆ ಸರಿಯಬೇಕು. ಹಿಂದಕ್ಕೆ ಸರಿಸುವಾಗಲೂ ಗೋಡೆಯ ಪರೀಕ್ಷೆಯನ್ನು ಬಿಡಬೇಡಿ. ಬಿಟ್ಟರೆ ಶತ್ರು ಗೋಡೆಯೊಳಗೆ ಸಿಕ್ಕಿಕೊಂಡು, ಹೊಡೆಯಲೂ ಆಗದೆ ಹೊರಬರಲೂ ಆಗದೆ ಕೋಣೆಯ ಬಾಗಿಲು ತೆರೆಯದಂತೆ ಮಾಡುತ್ತದೆ.

ಕತ್ತಿಯಂತಹ ಏಟನ್ನು ಆರಿಸಿಕೊಂಡವರು ಅದನ್ನು ಮೂರು ಭಾಗ ಮಾಡಿ: ಎತ್ತುವ 4 ಫ್ರೇಮ್, ತಾಗುವ 4 ಫ್ರೇಮ್, ಚೇತರಿಸಿಕೊಳ್ಳುವ 10 ಫ್ರೇಮ್. ಇಲ್ಲಿನ ಪ್ರಸಿದ್ಧ ತಪ್ಪೆಂದರೆ ತಾಗುವ ನಾಲ್ಕೂ ಫ್ರೇಮ್‌ಗಳಲ್ಲಿ ಹಾನಿಯನ್ನು ಲೆಕ್ಕ ಹಾಕಿ, ಒಂದೇ ಬೀಸಿಗೆ ನಾಲ್ಕು ಏಟು ಬೀಳುವಂತೆ ಮಾಡುವುದು. ಪ್ರತಿ ಬೀಸಿನ ಆರಂಭದಲ್ಲಿ ಒಂದು ಖಾಲಿ ಪಟ್ಟಿ ಇಟ್ಟು, ತಾಗಿದ ಶತ್ರುವನ್ನು ಅದಕ್ಕೆ ಸೇರಿಸಿ, ಪಟ್ಟಿಯಲ್ಲಿರುವವರನ್ನು ಮತ್ತೆ ಹೊಡೆಯಬೇಡಿ. ಶತ್ರುಗಳು ಒಮ್ಮೊಮ್ಮೆ ಒಂದೇ ಏಟಿಗೆ, ಒಮ್ಮೊಮ್ಮೆ ಮೂರು ಏಟಿಗೆ ಸಾಯುತ್ತಿದ್ದರೆ ದೋಷ ಹಾನಿಯ ಸೂತ್ರದಲ್ಲಿದೆ ಎಂದು ಭಾವಿಸಿ ವಾರಗಟ್ಟಲೆ ತಿಣುಕಿದವರನ್ನು ಕಂಡಿದ್ದೇನೆ. ಎಂಜಿಬಿಎಯಲ್ಲಿ ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡಿದರೆ ಅದು ಎರಡು ನಿಮಿಷದ ಕೆಲಸ.

ನಾಯಕನಿಗೆ ಏಟು ಬಿದ್ದಾಗ 60 ಫ್ರೇಮ್ ಕಾಲ ಮತ್ತೆ ಏಟು ತಾಗಬಾರದು ಮತ್ತು ಅಷ್ಟೂ ಹೊತ್ತು ಚಿತ್ರ ಮಿಣುಕುತ್ತಿರಬೇಕು. ಶತ್ರು ಹೊಡೆಯುವ ಮುನ್ನ ಕನಿಷ್ಠ 20 ಫ್ರೇಮ್ ಮುನ್ಸೂಚನೆ ಕೊಡಲಿ: ಮೈ ಕುಗ್ಗಿಸುವುದು, ಕಣ್ಣು ಕೆಂಪಗಾಗುವುದು, ಏನಾದರೂ ಸರಿ. ಕೊನೆಯದಾಗಿ, ಆಡುವವರು ಬಟನ್ ಒತ್ತಿದ್ದನ್ನು 8 ಫ್ರೇಮ್ ನೆನಪಿಟ್ಟುಕೊಳ್ಳಿ. ನೆಲ ಮುಟ್ಟುವ ಸ್ವಲ್ಪ ಮುಂಚೆ ಜಿಗಿತದ ಬಟನ್ ಒತ್ತಿದರೆ, ಮುಟ್ಟಿದ ತಕ್ಷಣ ನಾಯಕ ಜಿಗಿಯಬೇಕು. ಇದನ್ನು ಬಿಟ್ಟ ಗೇಮ್‌ಗಳ ಬಗ್ಗೆಯೇ ಜನ “ಬಟನ್ ಕೆಲಸ ಮಾಡುತ್ತಿಲ್ಲ” ಎಂದು ದೂರುವುದು.

## ಹಂತ 5: ಒಂದೇ ಕೋಣೆಯ ಪರೀಕ್ಷೆ

ಪರದೆಯಷ್ಟೇ ದೊಡ್ಡದಾದ ಒಂದು ಕೋಣೆ, ನಡುವೆ ಎರಡು ಕಲ್ಲು, ಮೂರು ಶತ್ರುಗಳು, ಅವು ಸತ್ತ ಮೇಲೆ ತೆರೆಯುವ ಒಂದು ಬಾಗಿಲು. ಇಷ್ಟನ್ನು ಮಾತ್ರ ಕಟ್ಟಿ, ಗೇಮನ್ನು ಮೊದಲು ನೋಡಿರದ ಒಬ್ಬರ ಕೈಗೆ ಕೊಡಿ. ಕೊಟ್ಟ ಮೇಲೆ ಬಾಯಿ ತೆರೆಯಬೇಡಿ. “ಅಲ್ಲಿ ಬಿ ಒತ್ತಿ” ಎಂದು ಹೇಳಿದ ಕ್ಷಣವೇ ಪರೀಕ್ಷೆ ಕೆಟ್ಟಿತು.

ಅವರು ಬಟನ್ನನ್ನು ಒಂದೇ ಸಮನೆ ಜಜ್ಜುತ್ತಿದ್ದರೆ ಏಟಿನ ಉತ್ತರ ತಡವಾಗಿ ಬರುತ್ತಿದೆ. ಶತ್ರುವಿನಿಂದ ದೂರ ನಿಂತು ಅಂಚಿನಲ್ಲೇ ಸುತ್ತುತ್ತಿದ್ದರೆ ಮುನ್ಸೂಚನೆ ಸಾಲದಾಗಿದೆ. ಜಿಗಿಯುವುದನ್ನೇ ಬಿಟ್ಟು ನಡೆದೇ ಆಡುತ್ತಿದ್ದರೆ ನೆರಳು ಕಾಣುತ್ತಿಲ್ಲ. ಮೂವರು ಬೇರೆ ಬೇರೆ ಜನ ಕೋಣೆ ಮುಗಿಸಿದ ಮೇಲೂ ಹೇಳದೆ ಕೇಳದೆ ಮತ್ತೊಮ್ಮೆ ಆಡುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಇದು ಕಟುವಾದ ನಿಯಮ ಎನಿಸಬಹುದು. ಆದರೆ ಅಂಕಿಗಳನ್ನು ಸೇರಿಸಿದ ಮೇಲೆ ಈ ದೋಷಗಳು ಮುಚ್ಚಿಹೋಗಿ, ಎಲ್ಲವೂ “ಸಮತೋಲನದ ಸಮಸ್ಯೆ” ಎಂಬ ವೇಷ ತೊಟ್ಟು ಬರುತ್ತವೆ.

## ಹಂತ 6: ಅಂಕಿಗಳನ್ನು ಸೇರಿಸುವುದು

ಈಗ ಆರ್‌ಪಿಜಿಯ ಭಾಗ. ಜೀವಾಂಕ, ದಾಳಿ, ರಕ್ಷಣೆ ಎಂಬ ಮೂರರಿಂದ ಆರಂಭಿಸಿ.

ದಾಳಿಯಿಂದ ರಕ್ಷಣೆಯನ್ನು ಕಳೆದು ಹಾನಿ ಲೆಕ್ಕ ಹಾಕುವ ಸೂತ್ರ ನೋಡಲು ಸರಳ. ಅದರ ತೊಂದರೆಯೆಂದರೆ ರಕ್ಷಣೆ ದಾಳಿಯ ಸಮಕ್ಕೆ ಬಂದ ಕೂಡಲೇ ಹಾನಿ ಸೊನ್ನೆಯಾಗುತ್ತದೆ, ಮತ್ತು ಒಂದು ಅಂಕದ ವ್ಯತ್ಯಾಸ ಒಮ್ಮೆ ಏನೂ ಅಲ್ಲದ್ದಾಗಿ, ಇನ್ನೊಮ್ಮೆ ಎಲ್ಲವೂ ಆಗಿಬಿಡುತ್ತದೆ. ದಾಳಿಯ ವರ್ಗವನ್ನು ದಾಳಿ ಮತ್ತು ರಕ್ಷಣೆಗಳ ಮೊತ್ತದಿಂದ ಭಾಗಿಸುವ ಸೂತ್ರ ಹೆಚ್ಚು ನಯವಾಗಿ ನಡೆಯುತ್ತದೆ. ದಾಳಿ 10, ರಕ್ಷಣೆ 10 ಇದ್ದರೆ 100ನ್ನು 20ರಿಂದ ಭಾಗಿಸಿ ಹಾನಿ 5. ದಾಳಿ 12ಕ್ಕೆ ಏರಿದರೆ 144ನ್ನು 22ರಿಂದ ಭಾಗಿಸಿ, ಚೂರನ್ನು ಬಿಟ್ಟು, 6. ಈ ಪ್ರೊಸೆಸರಿನಲ್ಲಿ ಭಾಗಾಕಾರಕ್ಕೆ ನೇರ ಸೂಚನೆ ಇಲ್ಲದಿರುವುದರಿಂದ ಭಾಗಿಸುವುದು ನಿಧಾನ, ಆದರೆ ಏಟಿಗೊಂದು ಸಲ ಭಾಗಿಸಿದರೆ ಏನೂ ಆಗದು. ಪ್ರತಿ ಫ್ರೇಮ್‌ನಲ್ಲೂ ಪ್ರತಿ ಶತ್ರುವಿಗೂ ಭಾಗಿಸಬೇಡಿ, ಅಷ್ಟೆ.

ಅಂಕಿಗಳನ್ನು ಆಡುವವರು ಓದುವುದಿಲ್ಲ, ಏಟುಗಳನ್ನು ಎಣಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಶತ್ರುವಿನ ಜೀವಾಂಕ 18 ಆಗಿದ್ದರೆ 5ರ ಹಾನಿಗೆ ನಾಲ್ಕು ಏಟು ಬೇಕು, 6ರ ಹಾನಿಗೆ ಮೂರೇ ಸಾಕು. ಲೆವೆಲ್ ಏರಿದ್ದು ಕೈಗೆ ತಿಳಿಯುತ್ತದೆ. ಅದೇ ಶತ್ರುವಿನ ಜೀವಾಂಕ 20 ಆಗಿದ್ದರೆ ಎರಡಕ್ಕೂ ನಾಲ್ಕೇ ಏಟು, ಲೆವೆಲ್ ಏರಿದ ಸಂಗೀತ ಮೊಳಗಿತೇ ಹೊರತು ಏನೂ ಬದಲಾಗಲಿಲ್ಲ. ಆದ್ದರಿಂದ ಒಂದು ಕೋಷ್ಟಕ ಮಾಡಿ, ಅಡ್ಡಸಾಲಿನಲ್ಲಿ ನಾಯಕನ ಲೆವೆಲ್, ಕಂಬಸಾಲಿನಲ್ಲಿ ಶತ್ರುಗಳು, ಪ್ರತಿ ಮನೆಯಲ್ಲಿ ಬೇಕಾದ ಏಟುಗಳ ಸಂಖ್ಯೆ ಬರೆಯಿರಿ. ಸಾಮಾನ್ಯ ಶತ್ರುವಿಗೆ ಐದಕ್ಕಿಂತ ಹೆಚ್ಚು ಏಟು ಬೇಕಾಗುವ ಮನೆ ಕಂಡರೆ ಅಲ್ಲಿ ಆಟ ಜಡವಾಗುತ್ತದೆ.

ಅನುಭವಾಂಕಕ್ಕೆ ಲೆವೆಲ್‌ನ ವರ್ಗವನ್ನು 10ರಿಂದ ಗುಣಿಸಿದರೆ 10, 40, 90, 160 ಎಂಬ ಏರಿಕೆ ಸಿಗುತ್ತದೆ. ಆರಂಭಕ್ಕೆ ಅದು ಸಾಕು. ಮುಖ್ಯವಾದದ್ದು ಬೇರೆ ಇದೆ. ಹತ್ತು ಲೆವೆಲ್‌ಗಳಲ್ಲಿ ಮೂರಾದರೂ ಅಂಕಿಯ ಬದಲು ನಾಯಕನ ಆ ಒಂದು ಕ್ರಿಯೆಯನ್ನು ಬೆಳೆಸಬೇಕು: ಮೆಟ್ಟಿದ ಮೇಲೆ ಇನ್ನಷ್ಟು ಎತ್ತರಕ್ಕೆ ಪುಟಿಯುವುದು, ಗಾಳಿಯಲ್ಲಿ ಕ್ಷಣಕಾಲ ತೇಲುವುದು, ಬಿದ್ದ ಜಾಗದ ಸುತ್ತ ನೆಲ ನಡುಗುವುದು. ಹಾಗಾಗದಿದ್ದರೆ ಅದು ಪ್ಲಾಟ್‌ಫಾರ್ಮರ್ ನಾಯಕನ ಮುಖವಾಡ ತೊಟ್ಟ ಲೆಕ್ಕಪತ್ರ.

## ಹಂತ 7: ಕೋಣೆಗಳನ್ನು ಜೋಡಿಸುವುದು

ಮೊದಲ ಹತ್ತು ಕೋಣೆಗಳು ಪರದೆಯಷ್ಟೇ ಇರಲಿ, ಹಿನ್ನೆಲೆ ಸರಿಯುವ ದೊಡ್ಡ ನಕ್ಷೆ ಆಮೇಲೆ. ಮೇಲಿನ ಒಂದು ಸಾಲನ್ನು ಜೀವಾಂಕ ತೋರಿಸಲು ಬಿಟ್ಟರೆ ಆಡಲು ಉಳಿಯುವುದು 15×9 ಚೌಕ. ಬಾಗಿಲಿನಿಂದ ಮೂರು ಚೌಕದೊಳಗೆ ಶತ್ರುವನ್ನು ನಿಲ್ಲಿಸಬೇಡಿ, ಒಳಬಂದ ಕೂಡಲೇ ಬೀಳುವ ಏಟನ್ನು ಯಾರೂ ಕ್ಷಮಿಸುವುದಿಲ್ಲ.

ಎತ್ತರದ ಕಟ್ಟೆಗಳೇ ಇಲ್ಲಿನ ದೊಡ್ಡ ತಲೆನೋವು. ಮೇಲ್ನೋಟದಲ್ಲಿ ಕಟ್ಟೆ ಯಾವುದು, ನೆಲದ ಮೇಲಿನ ಬಣ್ಣದ ಪಟ್ಟಿ ಯಾವುದು ಎಂಬುದು ತಿಳಿಯುವುದಿಲ್ಲ. ಹತ್ತಬಹುದಾದ ಕಟ್ಟೆಯ ಮೇಲ್ಮೈಯನ್ನು ನೆಲಕ್ಕಿಂತ ತಿಳಿಬಣ್ಣದಲ್ಲಿ ಬರೆದು, ಮುಂಭಾಗದಲ್ಲಿ ಒಂದು ಪೂರ್ತಿ ಚೌಕದಷ್ಟು ಗೋಡೆಯನ್ನು ತೋರಿಸಿ. ಹತ್ತಲಾಗದ ಕಟ್ಟೆಗೆ ಎರಡು ಚೌಕದ ಗೋಡೆ ಕೊಡಿ. ಜಿಗಿತ ಒಂದೂವರೆ ಚೌಕದ್ದಾದ್ದರಿಂದ ಒಂದನ್ನು ಹತ್ತಬಹುದು, ಎರಡನ್ನು ಆಗದು. ಈ ನಿಯಮವನ್ನು ಒಮ್ಮೆಯೂ ಮುರಿಯಬೇಡಿ. ಕಟ್ಟೆಯ ಮೇಲೆ ಹಾರಿದಾಗ ನೆರಳು ಕಟ್ಟೆಯ ಮೇಲ್ಮೈಗೆ ಏರಬೇಕು ಎಂಬುದನ್ನೂ ಮರೆಯಬೇಡಿ.

## ಹಂತ 8: ಸೇವ್

ಆಟದ ಪ್ರಗತಿಯನ್ನು ಉಳಿಸಿಡುವ, ಬ್ಯಾಟರಿ ಬೆಂಬಲದ ಎಸ್‌ರ್ಯಾಮ್ ಎಂಬ ಮೆಮೊರಿಯಲ್ಲಿ 32 ಕಿಲೋಬೈಟ್ ಇದೆ, ಇಂತಹ ಗೇಮ್‌ಗೆ ಧಾರಾಳವಾಯಿತು. ಬರೆಯುವ ದತ್ತಾಂಶದ ತಲೆಯಲ್ಲಿ ಗುರುತಿನ ಅಕ್ಷರಗಳು, ಆವೃತ್ತಿ ಸಂಖ್ಯೆ, ಮತ್ತು ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಯಲು ಉಳಿದ ಬೈಟುಗಳನ್ನು ಕೂಡಿದ ಚೆಕ್‌ಸಮ್ ಇರಲಿ. ಎರಡು ಪ್ರತಿಗಳನ್ನು ಇಟ್ಟು ಸರದಿಯ ಮೇಲೆ ಬರೆದರೆ, ಬರೆಯುವಾಗ ಸಾಧನ ಆರಿಹೋದರೂ ಹಿಂದಿನ ಪ್ರತಿ ಉಳಿಯುತ್ತದೆ. ಆವೃತ್ತಿ ಸಂಖ್ಯೆಯನ್ನು ನಾನು ಮೊದಲ ಸಲ ಬಿಟ್ಟಿದ್ದೆ. ಆಯುಧಗಳ ಪಟ್ಟಿಗೆ ಒಂದು ಸಾಲು ಸೇರಿಸಿದ ದಿನ ಹಳೆಯ ಸೇವ್ ತೆರೆದು ನೋಡಿದರೆ ನಾಯಕ ಸಾವಿರಾರು ಜೀವಾಂಕಗಳೊಂದಿಗೆ ಗೋಡೆಯೊಳಗೆ ನಿಂತಿದ್ದ, ಮತ್ತು ಅದನ್ನು ಕೋಡಿನ ದೋಷವೆಂದು ಒಂದು ಸಂಜೆಯಿಡೀ ಹುಡುಕಿದೆ.

## ಹಂತ 9: ನಿಜವಾದ ಸಾಧನದಲ್ಲಿ ಓಡಿಸುವುದು

ಎಮ್ಯುಲೇಟರಿನಲ್ಲಿ ಚೆನ್ನಾಗಿ ಓಡುವುದು ಕೈಯಲ್ಲಿ ಹಿಡಿದಾಗ ಬೇರೆಯೇ ಆಗಿ ಕಾಣಬಹುದು. ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿಲ್ಲ. ಗಾಢ ನೀಲಿಯ ಗುಹೆಯಲ್ಲಿ ನಿಂತ ಕಂದು ಬಣ್ಣದ ಶತ್ರು ಅಲ್ಲಿ ಕಾಣುವುದೇ ಇಲ್ಲ, ಮತ್ತು ನೀವು ಅಷ್ಟು ಮುತುವರ್ಜಿಯಿಂದ ಬರೆದ ನೆರಳೂ ನೆಲದಲ್ಲಿ ಕರಗಿಹೋಗುತ್ತದೆ. ನೆಲದ ಬಣ್ಣಗಳನ್ನು ಒಂದೆರಡು ಮೆಟ್ಟಿಲು ತಿಳಿಯಾಗಿಸಿ, ನಾಯಕ ಮತ್ತು ಶತ್ರುಗಳ ಸುತ್ತ ಗಾಢವಾದ ಗೆರೆ ಎಳೆಯಿರಿ.

ವೇಗದ ಲೆಕ್ಕ ಹೀಗಿದೆ. ಪ್ರೊಸೆಸರ್ 16.78 ಮೆಗಾಹರ್ಟ್ಸ್‌ನದು, ಒಂದು ಫ್ರೇಮ್‌ಗೆ ಸಿಗುವುದು 2,80,896 ಸೈಕಲ್, ಅಂದರೆ ಪ್ರೊಸೆಸರಿನ ಗಡಿಯಾರದ ಬಡಿತಗಳು. ಸಂಗೀತವನ್ನು ಬೆರೆಸುವ ಕೆಲಸವೂ ಇದರಲ್ಲೇ ಆಗಬೇಕು. ಕಾರ್ಟ್ರಿಜ್‌ನಿಂದ ಕೋಡ್ ಓದುವುದು ನಿಧಾನವಾದ್ದರಿಂದ, ಪ್ರತಿ ಫ್ರೇಮ್‌ನಲ್ಲೂ ಹಲವು ಸಲ ಓಡುವ ಚೌಕಟ್ಟುಗಳ ಪರೀಕ್ಷೆಯಂತಹ ಭಾಗವನ್ನು ಮಾತ್ರ 32 ಕಿಲೋಬೈಟ್‌ಗಳ ವೇಗದ ಒಳಮೆಮೊರಿಗೆ ಸರಿಸಿ. ಎಲ್ಲವನ್ನೂ ಅಲ್ಲಿಗೆ ಸರಿಸಲು ಹೋದರೆ ಜಾಗ ಸಾಲುವುದಿಲ್ಲ. ಶತ್ರುಗಳು ಹೆಚ್ಚಿದಾಗ ಸಂಗೀತ ತೊದಲುವುದು ಅಥವಾ ಜಿಗಿತ ಇದ್ದಕ್ಕಿದ್ದಂತೆ ತೇಲಿದಂತಾಗುವುದು ಸೈಕಲ್‌ಗಳು ಮುಗಿದುಹೋಗಿವೆ ಎಂಬುದರ ಲಕ್ಷಣ.

ಕೊನೆಗೆ ಬಟನ್‌ಗಳನ್ನು ನೋಡಿ. ಕೀಬೋರ್ಡಿನಲ್ಲಿ ಸಲೀಸಾಗಿದ್ದ ಜೋಡಿಗಳು ಚಿಕ್ಕ ಸಾಧನದಲ್ಲಿ ಕಷ್ಟವಾಗುತ್ತವೆ: ಎ ಮತ್ತು ಬಿ ಎರಡಕ್ಕೂ ಒಂದೇ ಹೆಬ್ಬೆರಳು, ಎಲ್ ಮತ್ತು ಆರ್‌ಗೆ ತೋರುಬೆರಳು. ಜಿಗಿದು ಗಾಳಿಯಲ್ಲಿರುವಾಗ ಎ ಹಿಡಿದಿರುವಂತೆಯೇ ಬಿ ಒತ್ತಬೇಕಾದ ಕ್ರಿಯೆ ನಿಮ್ಮ ಗೇಮ್‌ನಲ್ಲಿದ್ದರೆ, ಎ ಬಿಟ್ಟ ಮೇಲೂ 6 ಫ್ರೇಮ್ ಅದು ಒತ್ತಿದಂತೆಯೇ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ, ಅಥವಾ ಆ ಕ್ರಿಯೆಯನ್ನು ಆರ್ ಬಟನ್‌ಗೆ ಸರಿಸಿ. ಅರ್ಧ ಗಂಟೆ ಒಂದೇ ಸಮನೆ ಆಡಿ, ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಿ ಚೇತರಿಕೆಯ ಫ್ರೇಮ್‌ಗಳನ್ನೂ ಬಟನ್ ನೆನಪಿಡುವ ಅವಧಿಯನ್ನೂ ಮತ್ತೆ ಅಳೆಯಿರಿ.